ಜಿಲುಗರ ಮುದುಕಿಗೆ ಉಡಿ

ಶುಕ್ರವಾರ ಸಂಜೆಯಾದರೆ ನೆಲೋಗಿಯಲ್ಲಿ ದಂಗೆ. ಜೇವರ್ಗಿಯ ನಯೀಮನ ಕೇಬಲ್ ಚಾನೆಲ್ಲಿನಲ್ಲಿ ಸೀರೆ ಅಂಗಡಿಯ ಜಾಹೀರಾತು ಮುಗಿದು ‘ನೀಲಗಲ್ಲಿನ ದಂಗೆ’ ಶುರುವಾಯಿತೆಂದರೆ ಚಹಾ ಹೋಟೆಲ್ಲಿನ ಬೆಂಚುಗಳು ಖಾಲಿ, ಬಸ್ ನಿಲ್ದಾಣದ ಕಟ್ಟೆ ಖಾಲಿ. ಯಾರ ಮನೆಯ ಟೀವಿ ದೊಡ್ಡದೋ ಆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ.

ನೀಲಗಲ್ಲು ಎಂಬುದು ಎರಡು ಸೂರ್ಯರ ನಡುವೆ ತಿರುಗುವ ಒಂದು ಗ್ರಹ. ನೆಲದ ಕೆಳಗೆ ಕಲ್ಲು ಒಡೆಯುವವರು ಕೆಲವರು. ಮೇಲೆ ತೇಲುವ ಊರಿನಲ್ಲಿ ಕೂತು ಆ ಕಲ್ಲಿನ ಬೆಳಕಿನಲ್ಲಿ ಉಣ್ಣುವವರು ಇನ್ನು ಕೆಲವರು. ಮೇಲಿನವರನ್ನು ಆಳುವುದು ‘ಒಂಬತ್ತರ ಸಭೆ’. ಆ ಸಭೆ ಸಾಕಿ ಬೆಳೆಸಿದ ಅನಾಥ ಕಪ್ತಾನನೊಬ್ಬ ಕೆಳಗಿನವರನ್ನು ಹೊಡೆದು ಅಡಗಿಸಲು ಇಳಿದು ಬರುತ್ತಾನೆ, ಅಲ್ಲಿನ ಬದುಕನ್ನು ಕಣ್ಣಾರೆ ಕಾಣುತ್ತಾನೆ, ಸಭೆಗೇ ತಿರುಗಿ ಬೀಳುತ್ತಾನೆ. ಸಭೆಯ ಸಿಪಾಯಿಗಳು ಬೆನ್ನು ಹತ್ತಿದಾಗ ಅವನನ್ನು ತನ್ನ ಗುಹೆಯಲ್ಲಿ ಬಚ್ಚಿಟ್ಟು, ಇಲ್ಲಿ ಯಾರೂ ಬಂದಿಲ್ಲವೆಂದು ಸುಳ್ಳು ಹೇಳಿ, ಸಿಪಾಯಿಯ ಏಟು ತಿಂದು ಉಳಿಸುವವಳು ಒಬ್ಬ ಮುದುಕಿ. ಅವಳು ಮನುಷ್ಯಳಲ್ಲ, ಜಿಲುಗರವಳು. ಜಿಲುಗರೆಂದರೆ ಮನುಷ್ಯರು ಬರುವ ಮೊದಲಿನಿಂದಲೂ ಆ ಗ್ರಹದಲ್ಲಿದ್ದ ಜೀವಗಳು. ಅವರ ಮೈಯೆಲ್ಲ ಮಿನುಗುತ್ತದೆ.

ಆ ಮಿನುಗು ತಾಡಪತ್ರಿಯದು. ರಾಶಿ ಮಾಡುವಾಗ ಕಣದಲ್ಲಿ ಹಾಸುವ ಬೆಳ್ಳಿ ಬಣ್ಣದ ತಾಡಪತ್ರಿಯನ್ನು ಕತ್ತರಿಸಿ, ಚೂರು ಚೂರನ್ನೂ ಹಳೆಯ ಸೀರೆಗೆ ಹೊಲಿದು ಆ ವೇಷ ಕಟ್ಟಿದವಳು ಮಹಾನಂದಾ. ಧಾರಾವಾಹಿಯನ್ನು ಬರೆಯುವವಳೂ ಅವಳೇ. ಊರಿನ ಕೆಳಗಿನ ತುದಿಯಲ್ಲಿ, ದಲಿತರ ಓಣಿಯಲ್ಲಿ, ಬುದ್ಧವಿಹಾರದ ಮಗ್ಗುಲ ಮನೆಯಲ್ಲಿ ಅವಳು ಜಂಪರು ಹೊಲಿಯುತ್ತಾಳೆ. ಬರೆಯಲು ಕಲಿತದ್ದು ವಿಹಾರದ ಓದು ಬಳಗದಲ್ಲಿ. ಆ ಬಳಗದ ಪದ್ಧತಿಯೇ ಬೇರೆ. ಒಬ್ಬರು ಗಟ್ಟಿಯಾಗಿ ಓದಬೇಕು. ಕೇಳುವವರಲ್ಲಿ ಯಾರಾದರೂ ‘ನಿಲ್ಲಸು’ ಅಂದರೆ ನಿಲ್ಲಿಸಬೇಕು. ಅಂದವರು ಯಾಕೆಂದು ಹೇಳಬೇಕು. ಹೀಗೆ ಓದಿದರೆ ಒಂದು ಪುಟ ದಾಟಲು ಒಂದು ಸಂಜೆ ಬೇಕು. ಆದರೆ ಅಲ್ಲಿ ಪಳಗಿದವರ ಕಿವಿಗೆ ಆಮೇಲೆ ಯಾವ ಸುಳ್ಳೂ ಸಲೀಸಾಗಿ ಇಳಿಯುವುದಿಲ್ಲ. ನೀಲಗಲ್ಲಿನ ಪ್ರತಿಯೊಂದು ಕಂತೂ ಆ ಕಿವಿಗಳನ್ನು ದಾಟಿಯೇ ನಯೀಮನ ಕ್ಯಾಮೆರಾದ ಮುಂದೆ ಬರುತ್ತಿತ್ತು.

ಜಿಲುಗರ ಮುದುಕಿಯಾಗಿ ನಟಿಸುವವಳು ಮಹಾನಂದಾಳ ತಾಯಿ ಮರೆಮ್ಮ. ಕಪ್ತಾನನ ಪಾತ್ರ ಗುರುಲಿಂಗನದು. ಊರ ನಡುವಿನ ವಾಡೆಯ ಹುಡುಗ, ಕಲ್ಲಿನಾಥ ಸಾವಕಾರರ ಅಣ್ಣನ ಮಗ. ಎತ್ತರದ ಆಳು, ಗಂಟೆಯಂಥ ದನಿ. ವಾಡೆಯ ಕಂಬದ ಪಡಸಾಲೆಯೇ ಸಭೆಯ ಅರಮನೆ. ಮಗನಂತಿರುವ ಹುಡುಗ ಟೀವಿಯಲ್ಲಿ ಕಾಣುತ್ತಾನೆಂದು ಸಾವಕಾರರು ಪಡಸಾಲೆಯನ್ನು ಸಂತೋಷದಿಂದಲೇ ಬಿಟ್ಟುಕೊಟ್ಟಿದ್ದರು. ಅವರ ಪಡಸಾಲೆಯಲ್ಲಿ ನಿಂತು ಅವರಂಥವರನ್ನೇ ಬೈಯುತ್ತಿದ್ದಾರೆಂಬುದು ಅವರಿಗೆ ಹೊಳೆದಿತ್ತೋ ಇಲ್ಲವೋ. ಎರಡು ಸೂರ್ಯರಿರುವ ಊರಿನ ಮಾತು ತಮಗೆ ತಾಗುವುದಿಲ್ಲವೆಂದು ಅವರು ಅಂದುಕೊಂಡಿರಬೇಕು.

ತಾಗಿದ್ದು ಒಂದು ಬಟ್ಟಲು.

ಮುಂದಿನ ಕಂತು ಒಪ್ಪಂದದ ಕಂತು. ಕಲ್ಲು ಒಡೆಯುವವರೂ ಜಿಲುಗರೂ ಕೂಡಿ ಸಭೆಯ ಮೇಲೆ ಏರಿ ಹೋಗುವ ಮೊದಲು ಒಂದಾಗಬೇಕು, ಅದೂ ಸಭೆಯ ಅರಮನೆಗೇ ಕದ್ದು ಹೊಕ್ಕು. ಜಿಲುಗರಲ್ಲಿ ಸಹಿ ಇಲ್ಲ, ಆಣೆ ಇಲ್ಲ. ಒಂದೇ ಬಟ್ಟಲಿನ ಅಂಬಲಿಯನ್ನು ಒಬ್ಬರಾದ ಮೇಲೆ ಒಬ್ಬರು ಕುಡಿದರೆ ಅದೇ ಒಪ್ಪಂದ. ಮೊದಲು ಮುದುಕಿ, ಆಮೇಲೆ ಕಪ್ತಾನ. ಮಹಾನಂದಾ ಇದನ್ನು ಬರೆದು ಬಳಗದಲ್ಲಿ ಓದಿದಾಗ ಯಾರೂ ‘ನಿಲ್ಲಸು’ ಅಂದಿರಲಿಲ್ಲ.

ನಿಲ್ಲಿಸಿದವನು ನಯೀಮ. ಹೊಲಿಗೆ ಯಂತ್ರದ ಎದುರಿನ ಸ್ಟೂಲಿನ ಮೇಲೆ ಕೂತು, ಕೊಟ್ಟ ಚಹಾ ಕುಡಿಯದೆ ಅದರೊಳಗೇ ನೋಡುತ್ತಿದ್ದ.

“ಅಕ್ಕಾ, ಒಂದ್ ಮಾತ್ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ.”

“ಹಂಗಂದ್ರ ಸಿಟ್ಟಿಗೇಳೂ ಮಾತೇ ಅದ. ಹೇಳು.”

“ಕಲ್ಲಿನಾಥ ಸಾವಕಾರ್ರಿಗಿ ಯಾರೋ ಚುಚ್ಚ್ಯಾರ. ಆಟ ಏನರ ಆಡ್ರಿ, ನಮ್ಮ ಹುಡುಗ ಮರೆಮ್ಮನ ಎಂಜಲ ಬಟ್ಟಲಾಗ ಬಾಯಿ ಹಚ್ಚೂದು ಮಾತ್ರ ನಡ್ಯಂಗಿಲ್ಲ ಅಂದ್ರು. ಅದೂ ನಮ್ಮ ಪಡಸಾಲ್ಯಾಗ ಅಂದ್ರು.”

ಯಂತ್ರದ ಚಕ್ರದ ಮೇಲೆ ಮಹಾನಂದಾಳ ಅಂಗೈ ಹಾಗೇ ನಿಂತಿತು.

“ಎಂಜಲ ಅಂದ್ರೇನು?”

“ಅವರು ಅಂದದ್ದು ಹೇಳಾಕತ್ತೇನ್ರಿ, ನಾ ಅಲ್ಲ.” ನಯೀಮ ಕಿವಿ ಹಿಡಿದುಕೊಂಡ. “ಫಿಕರ್ ಮಾಡಬ್ಯಾಡ್ರಿ. ಒಂದು ಐಡಿಯಾ ಅದ ನನ್ನ ಹತ್ರ. ಒಂದೇ ನಮೂನಿ ಎರಡು ಬಟ್ಟಲ ತರ್ತೇನಿ. ಮರೆಮ್ಮವ್ವ ಕುಡಿಯೂದು ಬ್ಯಾರೆ ತಗೋತೇನಿ, ಗುರುಲಿಂಗ ಕುಡಿಯೂದು ಬ್ಯಾರೆ ತಗೋತೇನಿ. ಕಟ್ ಮಾಡಿ ಜೋಡಿಸಿದ್ರ ನೋಡೋರಿಗಿ ಒಂದೇ ಬಟ್ಟಲ. ಫರಿಸ್ತಾ ಇಳಿದು ಬಂದ್ರೂ ಗೊತ್ತಾಗಂಗಿಲ್ಲ.”

“ಹೋಟೆಲ್ಲಾಗ ನಮಗ ಬ್ಯಾರೆ ಲೋಟ ಇಟ್ಟೋರೂ ಹಿಂಗೇ ಅಂತಿದ್ರು ನಯೀಮಾ. ಲೋಟ ಯಾಕ್ ನೋಡ್ತೀರಿ, ಚಹಾ ಒಂದೇ ಅಲ್ಲೇನು ಅಂತ.”

ನಯೀಮನ ಮುಖ ಸಪ್ಪಗಾಯಿತು. ಒಳ್ಳೆಯ ಹುಡುಗ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಮಹಾನಂದಾಳಿಗೆ ಇನ್ನಷ್ಟು ಉರಿಯಿತು. ಎರಡು ಲೋಟಗಳನ್ನು ಹೋಟೆಲ್ಲಿನ ಮಾಡದಿಂದ ಕೆಳಗಿಳಿಸಲು ಅವಳ ಅಪ್ಪ, ಅಪ್ಪನ ಗೆಳೆಯರು ಪೆಟ್ಟು ತಿಂದಿದ್ದರು. ಈಗ ಅದೇ ಲೋಟಗಳು, ಒಳ್ಳೆಯ ಮನಸ್ಸಿನವರ ಕೈಯಲ್ಲಿ, ಕಂಪ್ಯೂಟರಿನ ಒಳಗೆ ಹೊಕ್ಕು ಕೂತು, ನಾವು ಎರಡಲ್ಲ ಒಂದೇ ಎಂದು ನಗಲು ಹೊರಟಿದ್ದವು.

“ಗುರುಲಿಂಗ ಏನಂತಾನ?”

“ಅಂವಾ ಏನೂ ಅನ್ನಂಗಿಲ್ರಿ. ಅದೇ ತ್ರಾಸ ಆಗ್ಯದ.”

ಮರುದಿನ ಗುರುಲಿಂಗನೇ ಬಂದ. ಮೋಟರ್ ಸೈಕಲ್ ದೂರವೇ ನಿಲ್ಲಿಸಿ ನಡೆದು ಬಂದು, ಹೊಸ್ತಿಲ ಹೊರಗೆ ನಿಂತ. ತೆರೆಯ ಮೇಲೆ ಒಂಬತ್ತು ಜನರೆದುರು ಗುಡುಗುವ ದನಿ ಅಂದು ಮೆತ್ತಗಾಗಿತ್ತು.

“ನಂದೇನೂ ಇಲ್ರಿ ಅಕ್ಕೋರೆ. ನಾ ಕುಡೀತೇನಿ. ಆದ್ರ ಅಪ್ಪ ಹೋದ ಮ್ಯಾಲೆ ಕಾಕಾನೇ ನನ್ನ ಓದ್ಸ್ಯಾನ. ಅವನ ಮುಂದ ಹ್ಯಾಂಗ…”

“ನಿನ್ನ ಕಪ್ತಾನಗೂ ಸಭಾದವರೇ ಅನ್ನ ಹಾಕಿ ಬೆಳಸಿದ್ರಲ್ಲೋ.”

“ಅಂವಾ ಕತಿಯೊಳಗಿನಾಂವ ಅಕ್ಕೋರೆ. ಸಭಾಕ್ಕ ಬೈದು ಸಂಜೀಕ ಅದೇ ಸಭಾದ ಮನಿಗಿ ಉಣ್ಣಾಕ ಹೋಗಬೇಕಾಗಿಲ್ಲ ಅಂವಗ.”

ಗುರುಲಿಂಗ ನಿಜವನ್ನೇ ಹೇಳಿದ್ದ. ತಾನು ಬರೆದ ಕಪ್ತಾನನಿಗೆ ಮಹಾನಂದಾ ತಾಯಿ ಕೊಟ್ಟಿರಲಿಲ್ಲ, ಮನೆ ಕೊಟ್ಟಿರಲಿಲ್ಲ. ದಂಗೆ ಏಳುವುದು ಅವನಿಗೆ ಸಲೀಸು ಮಾಡಿಟ್ಟಿದ್ದಳು.

ಆ ಶನಿವಾರ ಬಳಗದಲ್ಲಿ ಇದೇ ಮಾತು. ಮಹಾನಂದಾಳ ಗಂಡ ಧಮ್ಮಪಾಲ ಮಾತಿನ ಮಲ್ಲ. ನಯೀಮನ ಉಪಾಯವೇ ಸರಿ ಅಂದ. “ಅಫಜಲಪುರದಿಂದ ಫೋನ್ ಬರ್ತಾವ, ಆಳಂದದ ಸರಸಂಬಾದಾಗ ಮೊಬೈಲಿನ್ಯಾಗ ನೋಡ್ತಾರ. ಅಷ್ಟ್ ಮಂದಿ ಒಂದೇ ಬಟ್ಟಲ ಅಂತ ನೋಡಿದ್ರ ಅದೇ ದೊಡ್ಡದು. ಎಲ್ಲಾ ಜಾತಿ ಮಂದಿ ಕೂಡ್ಸಿ ಒಕ್ಕೂಟ ಕಟ್ಟಬೇಕಂದ್ರ ಒಂದಿಷ್ಟು ಹಿಂದ ಮುಂದ…”

“ನಿಲ್ಲಸು,” ಅಂದಳು ಮರೆಮ್ಮ. ಗೋಡೆಗೆ ಒರಗಿ ಕಾಲು ಚಾಚಿ ಎಲೆ ಅಡಿಕೆ ಮೆಲ್ಲುತ್ತಿದ್ದವಳು ನೆಟ್ಟಗೆ ಕೂತಳು. “ನೋಡೋರು ಎಷ್ಟರ ಇರ್ಲಿ ಅಳ್ಯಾ. ಕುಡಿಯಾಕಿ ನಾ. ಅವರಿಗಿ ಗೊತ್ತಾಗಂಗಿಲ್ಲ, ನನಗ ಗೊತ್ತಾಗ್ತದ. ಎರಡು ಬಟ್ಟಲ ತಂದ್ರ ನಾ ಬರಂಗಿಲ್ಲ. ಮುದುಕಿ ಗುಹಾದಾಗ ಜಾರಿ ಬಿದ್ದು ಸತ್ತಳು ಅಂತ ಬರ್ಕೋರಿ.”

“ಹಂಗ್ಯಾಂಗ ಸಾಯ್ತಾಳ ಅತ್ತೀ? ಜಿಲುಗರಿಗಿ ಕಾಲೇ ಇಲ್ಲ, ತೇಲ್ತಾರ,” ಅಂದ ಧಮ್ಮಪಾಲ.

“ತೇಲಿ ತೇಲಿ ಬ್ಯಾಸರಾಗಿ ಸತ್ತಳು ಅಂತ ಬರಿ!”

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಮಹಾನಂದಾ ತನ್ನ ತೀರ್ಮಾನ ಹೇಳಿದಳು. ಭಾನುವಾರ ವಾಡೆಗೆ ಒಂದೇ ಬಟ್ಟಲು ಹೋಗುತ್ತದೆ. ಒಂದೇ ಓಟದಲ್ಲಿ, ನಡುವೆ ಎಲ್ಲಿಯೂ ಕತ್ತರಿಸದೆ ಚಿತ್ರೀಕರಣ. ಗುರುಲಿಂಗ ಕುಡಿದರೆ ದಂಗೆ ಮುಂದುವರಿಯುತ್ತದೆ. ಕುಡಿಯದಿದ್ದರೆ ಕಪ್ತಾನ ತಲೆ ತಗ್ಗಿಸಿ ಸಭೆಗೆ ಮರಳುತ್ತಾನೆ, ಧಾರಾವಾಹಿ ಅಲ್ಲಿಗೇ ಮುಗಿಯುತ್ತದೆ. ಹೇಳುವಾಗ ದನಿ ಗಟ್ಟಿಯಾಗಿತ್ತು. ಮನೆಗೆ ಬಂದು ಆ ಎರಡನೆಯ ಮುಕ್ತಾಯವನ್ನು ಬರೆಯಲು ಕೂತಾಗ ಕೈ ಏಳಲಿಲ್ಲ. ಇಷ್ಟು ಜನ ಕೂಡಿ ಕಟ್ಟಿದ ಒಂದು ಲೋಕವನ್ನು ತಾನೇ ಬೀಗ ಹಾಕಿ ಮುಚ್ಚಬೇಕಾಗಿತ್ತು.

ಭಾನುವಾರ ಬೆಳಗಿನ ಬಿಸಿಲು ಏರುವ ಮೊದಲೇ ಅವರು ವಾಡೆಯ ಅಂಗಳದಲ್ಲಿದ್ದರು. ಸಾವಕಾರರು ಹೊಲಕ್ಕೆ ಹೋಗಿದ್ದರು. ನಯೀಮ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿದ. ಮಹಾನಂದಾಳ ಚೀಲದಲ್ಲಿ ಒಂದೇ ಕಂಚಿನ ಬಟ್ಟಲಿರುವುದನ್ನು ನೋಡಿ ಮತ್ತೆ ಕ್ಯಾಮೆರಾದ ಕಡೆ ತಿರುಗಿದ. ಗುರುಲಿಂಗ ಕಪ್ತಾನನ ಕರಿ ಕೋಟು ತೊಟ್ಟು ಕಂಬಕ್ಕೆ ಆನಿಕೊಂಡಿದ್ದ. ಕಳೆದ ಕಂತುಗಳಲ್ಲಿ ಮರೆಮ್ಮ ಪಡಸಾಲೆ ಹತ್ತಿರಲಿಲ್ಲ, ಅವಳ ಗುಹೆ ಊರ ಹೊರಗಿನ ಕಲ್ಲಿನ ಗಣಿಯಲ್ಲಿತ್ತು. ಇಂದು ಮೊದಲ ಸಲ, ತಾಡಪತ್ರಿಯ ವೇಷದಲ್ಲಿ ಮೈಯೆಲ್ಲ ಮಿನುಗುತ್ತ, ಮೆಟ್ಟಿಲು ಹತ್ತಿ ನಡುಪಡಸಾಲೆಯ ಕಂಬಳಿಯ ಮೇಲೆ ಕೂತಳು. ಕೂತವಳು ಒಮ್ಮೆ ಮೇಲಿನ ತೊಲೆಗಳನ್ನು ನೋಡಿದಳು. ಐವತ್ತು ವರ್ಷ ಈ ಮನೆಯ ಹೊಲದಲ್ಲಿ ಕಳೆ ತೆಗೆದವಳು ಈ ತೊಲೆಗಳನ್ನು ಒಳಗಿನಿಂದ ನೋಡಿರಲಿಲ್ಲ.

“ರೆಡಿ ಏನ್ರಿ? ಚಾಲೂ ಮಾಡೇನಿ,” ಅಂದ ನಯೀಮ. ಕ್ಯಾಮೆರಾದ ಕೆಂಪು ದೀಪ ಹತ್ತಿತು.

ಮಹಾನಂದಾ ಬಟ್ಟಲಿಗೆ ಅಂಬಲಿ ಹೊಯ್ಯಬೇಕೆನ್ನುವಷ್ಟರಲ್ಲಿ ಒಳಗಿನಿಂದ ಗುರಮ್ಮ ಬಂದಳು.

ಗುರಮ್ಮ ಗುರುಲಿಂಗನ ತಾಯಿ. ಗಂಡ ಹೋದಾಗಿನಿಂದ ಆ ಮನೆಯಲ್ಲಿ ಅವಳ ಜಾಗ ಅಡುಗೆಮನೆ ಮತ್ತು ಅದರ ಹಿಂದಿನ ಕೋಣೆ. ಬಸವಣ್ಣನ ಪಟಕ್ಕೆ ದಿನಾ ಹೂವೇರಿಸುವ ಮನೆ, ಹೊಲೆ ಸೂತಕ ಒಪ್ಪದ ಶರಣರ ಮಾತು ಬಾಯಿಪಾಠ ಬರುವ ಮನೆ. ಆದರೂ ಮದುವೆ ಮುಂಜಿಯಲ್ಲಿ ಗುರಮ್ಮನನ್ನು ಯಾರೂ ಮುಂದೆ ಕರೆಯುತ್ತಿರಲಿಲ್ಲ. ಶುಕ್ರವಾರ ಸಂಜೆ ಮಾತ್ರ ಅವಳು ಮುಂದೆ ಬಂದು, ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದಳು. ಸಿಪಾಯಿ ಜಿಲುಗರ ಮುದುಕಿಗೆ ಹೊಡೆದ ಕಂತಿನಂದು ಅವಳು ಉಂಡಿರಲಿಲ್ಲವೆಂದು ಗುರುಲಿಂಗ ನಗುತ್ತ ಹೇಳಿದ್ದುಂಟು.

ಅವಳ ಕೈಯಲ್ಲಿ ಮೊರವಿತ್ತು. ಮೊರದಲ್ಲಿ ಅಕ್ಕಿ, ಒಂದು ಇಡೀ ತೆಂಗಿನಕಾಯಿ, ಅರಿಶಿನ ಕೊಂಬು, ಮಡಿಕೆ ಹಾಕಿದ ಹಸಿರು ಖಣ. ಈ ಸೀಮೆಯಲ್ಲಿ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದಿಲ್ಲ. ಅವಳ ಸೆರಗೊಡ್ಡಿಸಿ ಇವನ್ನೆಲ್ಲ ಸುರಿಯುತ್ತಾರೆ. ಅದಕ್ಕೇ ಉಡಿ ತುಂಬುವುದು ಅನ್ನುತ್ತಾರೆ. ಆದರೆ ತುಂಬುವವಳೂ ತುಂಬಿಸಿಕೊಳ್ಳುವವಳೂ ಮುತ್ತೈದೆಯಾಗಿರಬೇಕು. ಗುರಮ್ಮನೂ ಅಲ್ಲ, ಮರೆಮ್ಮನೂ ಅಲ್ಲ. ಜಾತಿಯ ಮಾತಂತೂ ಹೇಳುವುದೇ ಬೇಡ.

“ಸ್ವಲ್ಪ ತಡೀರ್ಯೋ,” ಅಂದಳು ಗುರಮ್ಮ. “ಈಕಿ ಮೊದಲ ಸಲ ನಮ್ಮನಿಗಿ ಬಂದಾಳ. ನನ್ನ ಮಗನ ಜೀಂವಾ ಉಳಿಸಿದಾಕಿ.”

ಗುರುಲಿಂಗ ಕಕ್ಕಾಬಿಕ್ಕಿಯಾದ. “ಯವ್ವಾ, ಅದು ಟೀವಿದಾಗ!”

“ಟೀವಿದಾಗ ಇದ್ದಾಂವ ನೀನೇ ಹೌದಲ್ಲೋ? ಹೊಡೆತ ತಿಂದಾಕಿ ಈಕಿನೇ ಹೌದಲ್ಲ? ಮತ್ತ? ಉಪಕಾರ ಮರಿಯೂ ಮನಿತನ ಅಲ್ಲ ನಮ್ದು.” ಅವಳು ಮಹಾನಂದಾಳ ಕಡೆ ತಿರುಗಿದಳು. “ಏನವಾ, ನೀ ಬರದಾಕಿ, ನೀ ಹೇಳು. ಗಂಡ ಸತ್ತಾಕಿ ಉಡಿ ತುಂಬಬಾರ್ದು ಅಂತ ನಿನ್ನ ಜಿಲುಗರಾಗ ಅದ ಏನು?”

ಮಹಾನಂದಾ ಇಷ್ಟು ಕಂತು ಬರೆದಿದ್ದಳು. ಜಿಲುಗರು ಏನು ಉಣ್ಣುತ್ತಾರೆ, ಹೇಗೆ ಅಳುತ್ತಾರೆ, ಸತ್ತವರನ್ನು ಏನು ಮಾಡುತ್ತಾರೆ, ಎಲ್ಲ ಯೋಚಿಸಿದ್ದಳು. ಇದನ್ನು ಯೋಚಿಸಿರಲಿಲ್ಲ.

“ಇಲ್ರಿ,” ಅಂದಳು. “ಅಂಥಾದ್ದು ಜಿಲುಗರಾಗ ಇಲ್ಲ.”

“ನನಗ ಗೊತ್ತಿತ್ತು. ಅವರು ಶ್ಯಾಣ್ಯಾ ಮಂದಿ.” ಗುರಮ್ಮ ಮರೆಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು. “ಉಡಿ ಒಡ್ಡವಾ.”

ಮರೆಮ್ಮ ಒಡ್ಡಲಿಲ್ಲ. ವೇಷವಿಲ್ಲದೆ ಇದ್ದಿದ್ದರೆ ಅವಳು ಗುರಮ್ಮನಿಗೆ ಅವ್ವೋರೆ ಎಂದು ಕೈ ಮುಗಿದು ಮೆಟ್ಟಿಲು ಇಳಿದುಬಿಡುತ್ತಿದ್ದಳೇನೋ. ಆದರೆ ಜಿಲುಗರ ಮುದುಕಿ ಯಾರಿಗೂ ಕೈ ಮುಗಿಯುವವಳಲ್ಲ. ಸಭೆಯ ಸೇನಾಪತಿಯನ್ನೂ ಬಾರೋ ಹೋಗೋ ಅನ್ನುವವಳು.

“ತುಂಬ್ತೀ ಅಂದ್ರ ತುಂಬು,” ಅಂದಳು ಮರೆಮ್ಮ. “ಆದ್ರ ಉಡಿ ತುಂಬಿದ ಮನ್ಯಾಗ ಬಾಯಿ ಹಚ್ಚದೇ ಏಳಬಾರ್ದು ಅಂತ ನಿಮ್ದೇ ರೂಢಿ ಅದ. ನಾ ಉಣ್ಣೂ ಗಂಗಾಳ ಎಲ್ಲಿ ಇಡ್ತಿ? ನಿನ್ನ ಗಂಗಾಳದ ಬಾಜೂಕೋ, ದನದ ಕೊಟ್ಟಿಗಿ ಕಟ್ಟಿ ಮ್ಯಾಲೋ? ಅದು ಹೇಳು ಮೊದಲ. ಕಟ್ಟಿ ಮ್ಯಾಲೆ ಅಂದ್ರ ನಿನ್ನ ಅಕ್ಕಿ ನಿನ್ನ ಮೊರದಾಗೇ ಇರ್ಲಿ.”

ಮಹಾನಂದಾ ಬರೆದ ಯಾವ ಮಾತೂ ಇಷ್ಟು ನೆಟ್ಟಗಿರಲಿಲ್ಲ.

ಗುರಮ್ಮ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಹಿಂಡುವಾಗ ಕಾಲೆತ್ತಿದ ಎಮ್ಮೆಯನ್ನು ನೋಡುವ ಹಾಗೆ ಮರೆಮ್ಮನನ್ನು ನೋಡಿದಳು. ಆಮೇಲೆ ಕೈ ಚಾಚಿ ಮಹಾನಂದಾಳಿಂದ ಕಂಚಿನ ಬಟ್ಟಲು ಇಸಿದುಕೊಂಡು, ಗಡಿಗೆಯ ಅಂಬಲಿ ಹೊಯ್ದುಕೊಂಡು, ಅಡುಗೆ ಮಾಡಿದವರು ರುಚಿ ನೋಡುವಂತೆ ಒಂದು ಗುಟುಕು ಕುಡಿದಳು.

“ಉಪ್ಪ ಕಡಿಮಿ ಅದ,” ಅಂದಳು. ಸೊಂಟದ ಸಂಚಿಯಿಂದ ಒಂದು ಹರಳು ಉಪ್ಪು ತೆಗೆದು ಹಾಕಿ, ಬೆರಳಲ್ಲೇ ಕದಡಿ, ಬಟ್ಟಲನ್ನು ಮುಂದೆ ಹಿಡಿದಳು. “ಈಗ ನೋಡು.”

ಮರೆಮ್ಮ ತೆಗೆದುಕೊಂಡಳು. ಕುಡಿದಳು. ಅವಸರವಿಲ್ಲದೆ, ಬಟ್ಟಲಿನ ಅಂಚಿನ ಮೇಲಿಂದ ಗುರಮ್ಮನನ್ನೇ ನೋಡುತ್ತ ಕುಡಿದಳು. “ಈಗ ಬರೋಬ್ಬರಿ ಆಯ್ತು.” ಆಮೇಲೆ ಸೆರಗೊಡ್ಡಿದಳು. ತಾಡಪತ್ರಿಯ ಚೂರುಗಳ ಮೇಲೆ ಅಕ್ಕಿ ಬಿದ್ದ ಸದ್ದು ಆಲಿಕಲ್ಲು ಬಿದ್ದ ಹಾಗಿತ್ತು.

ಬಟ್ಟಲಲ್ಲಿ ಇನ್ನೂ ಅರ್ಧ ಉಳಿದಿತ್ತು. ಮರೆಮ್ಮ ಅದನ್ನು ಗುರುಲಿಂಗನ ಕಡೆ ಚಾಚಿದಳು.

“ಕಪ್ತಾನಾ, ಕುಡೀತೀಯೋ, ಯಾರ್ನರ ಕೇಳಿ ಬರ್ತೀಯೋ?”

ಅದೇ ಹೊತ್ತಿಗೆ ತಲೆಬಾಗಿಲಲ್ಲಿ ಕಲ್ಲಿನಾಥ ಸಾವಕಾರರು ಕಾಣಿಸಿಕೊಂಡರು. ಹೊಲದಿಂದ ಬಂದವರು, ಕಾಲಲ್ಲಿ ಮಣ್ಣು. ನಡುಪಡಸಾಲೆಯಲ್ಲಿ ಎದುರುಬದುರು ಕೂತ ಇಬ್ಬರು ಮುದುಕಿಯರನ್ನೂ, ನಡುವಿನ ಮೊರವನ್ನೂ, ಅಣ್ಣನ ಮಗನೆದುರಿಗೆ ಚಾಚಿದ ಬಟ್ಟಲನ್ನೂ ಕಂಡರು.

“ವೈನೀ, ಏನ್ ನಡದದ ಇದು? ಗುರುಲಿಂಗಾ, ಮುಟ್ಟಬ್ಯಾಡ ಅದನ್ನ.”

ಗುರುಲಿಂಗ ಕಾಕಾನನ್ನು ನೋಡಿದ. ತಾಯಿಯನ್ನು ನೋಡಿದ. ಅವಳು ಅವನ ಕಡೆ ನೋಡುತ್ತಲೇ ಇರಲಿಲ್ಲ, ಮೊರದ ಅಂಚಿಗೆ ಅಂಟಿದ ಅಕ್ಕಿಕಾಳನ್ನು ಬಿಡಿಸುತ್ತಿದ್ದಳು. ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡ. ಕಣ್ಣು ಮುಚ್ಚಿ, ಮಗು ಹಾಲು ಕುಡಿದಂತೆ ಗಟಗಟನೆ ಕುಡಿದ. ಗಲ್ಲದ ಮೇಲೆ ಹರಿದದ್ದನ್ನು ಕಪ್ತಾನನ ಕೋಟಿನ ತೋಳಿಗೆ ಒರೆಸಿಕೊಂಡ.

“ಆಯ್ತು ಕಾಕಾ,” ಅಂದ. “ಕುಡದೇನಿ.”

“ಈ ವಾಡೆ ನಂದು!”

“ಪಡಸಾಲಿ ನಿಮ್ಮಣ್ಣಂದೂ ಇತ್ತು ಮೈದುನಾ,” ಅಂದಳು ಗುರಮ್ಮ, ಕೂತಲ್ಲಿಂದಲೇ. “ಅರ್ಧಾ ಪಡಸಾಲ್ಯಾಗ ಕೂತೇವಿ. ನಿಂದು ಆ ಕಂಬದ ಆಚಿಕಿನಿಂದ ಶುರು ಆಗ್ತದ, ಅಲ್ಲಿ ನೀ ಏನರ ಮಾಡ್ಕೋ.”

ಸಾವಕಾರರು ಇನ್ನೂ ಏನೇನೋ ಕೂಗಿದರು. ನಾಳೆಯಿಂದ ಈ ಮನೆಯಲ್ಲಿ ಕ್ಯಾಮೆರಾ ಕಂಡರೆ ಒಡೆದು ಹಾಕುತ್ತೇನೆಂದರು, ಅಡುಗೆ ಬೇರೆ ಮಾಡುತ್ತೇನೆಂದರು. ಕೂಗುತ್ತ ಒಳಗೆ ಹೋದರು. ಕಂಬದ ಈಚೆ ಮಾತ್ರ ಬರಲಿಲ್ಲ.

ನಯೀಮ ಕಣ್ಣೊರೆಸಿಕೊಳ್ಳುತ್ತಿದ್ದ. “ಅಕ್ಕಾ, ಎಲ್ಲಾ ಬಂದದ್ರಿ. ಶುರುದಿಂದ ಆಖೀರತನ, ಒಂದೇ ಓಟ. ಸಾವಕಾರ್ರೂ ಬಂದಾರ. ಆದ್ರ ನಮ್ಮ ಕಪ್ತಾನಗ ಅವ್ವ ಎಲ್ಲಿದ್ದಾಳ್ರಿ? ಅಂವಾ ಅನಾಥ ಅಲ್ಲೇನು?”

“ಅನಾಥ ಅಂತ ಸಭಾದವರು ಹೇಳಿದ್ರು,” ಅಂದಳು ಮಹಾನಂದಾ. “ಸುಳ್ಳ್ ಹೇಳಿದ್ರು. ತಾಯಿನ್ನ ಹಿಂದಿನ ಕೋಲ್ಯಾಗ ಕೂಡ್ಸಿದ್ರು.”

“ಅಂದ್ರ ಈ ಶುಕ್ರವಾರ ಹಾಕ್ತೇನಿ!”

“ಹಾಕಬ್ಯಾಡ,” ಅಂದಳು ಮರೆಮ್ಮ.

ಅವಳು ಎದ್ದು ನಿಂತಿದ್ದಳು. ಉಡಿಯ ಭಾರಕ್ಕೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಈಕಿ ಕೊಟ್ಟಳು, ನಾ ತಗೊಂಡೆ. ಇಷ್ಟೇ ತೋರಿಸಿದ್ರ ನೋಡೋರು ಏನಂತಾರ? ವಾಡೇದಾಕಿ ದೊಡ್ಡ ಮನಸ್ಸು ಮಾಡಿದ್ಳು ಅಂತಾರ. ಇದು ದಾನ ಆಯ್ತು, ಒಪ್ಪಂದ ಎಲ್ಲಿ ಆಯ್ತು? ಈಕಿ ನಮ್ಮ ಓಣಿಗಿ ಬರ್ಲಿ. ನಾ ತುಂಬ್ತೇನಿ, ಈಕಿ ಒಡ್ಡಲಿ. ನನ್ನ ಒಲಿ ಮುಂದ ಉಣ್ಣಲಿ. ಆಮ್ಯಾಲೆ ಎರಡೂ ಕೂಡ್ಸಿ ಹಾಕ್ರಿ. ಇಲ್ಲಂದ್ರ ಒಂದೂ ಬ್ಯಾಡ.”

ಕೈಗೆ ಬಂದ ತುತ್ತು ಅವ್ವ ಮತ್ತೆ ದೂರ ಸರಿಸುತ್ತಿದ್ದಳು. ಆದರೆ ‘ನಿಲ್ಲಸು’ ಎನ್ನಲು ಮಹಾನಂದಾಳಲ್ಲಿ ಕಾರಣವಿರಲಿಲ್ಲ. ಅವ್ವ ಹೇಳಿದ್ದು ಸರಿ ಇತ್ತು.

ಗುರಮ್ಮ ಮೊರ ಹಿಡಿದು ಒಳಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತು, “ಬುಧವಾರ ಬರ್ತೇನಿ,” ಅಂದಳು. “ಜ್ವಾಳದ ರೊಟ್ಟಿ ಬಿಸಿ ಇರಬೇಕು ನೋಡು. ತಣ್ಣನ್ನ ಹಲ್ಲಿಗಿ ಆಗಂಗಿಲ್ಲ ನನಗ.”

ಮೂರು ದಿನ ಊರಲ್ಲಿ ಬೇರೆ ಮಾತಿಲ್ಲ. ಬರುತ್ತಾಳೆ ಅನ್ನುವವರು, ಬರುವುದಿಲ್ಲ ಅನ್ನುವವರು. ಧಮ್ಮಪಾಲನಿಗೆ ಇನ್ನೊಂದು ಚಿಂತೆ. “ಅತ್ತೀ, ನಾವು ಬೌದ್ಧರು. ವಿಹಾರದ ಮಗ್ಗಲಾಗ ಕುಂತು ಉಡಿ ತುಂಬೂದು ಅಂದ್ರ…”

“ಮನಿಗಿ ಬಂದಾಕಿಗಿ ಕೊಬ್ಬರಿ ಅಕ್ಕಿ ಕೊಡಬ್ಯಾಡ ಅಂತ ಬುದ್ಧ ಎಲ್ಲಿ ಅಂದಾನ ತೋರ್ಸು. ಪುಸ್ತಕ ತಗಿ.”

ಧಮ್ಮಪಾಲ ಪುಸ್ತಕ ತೆಗೆಯಲಿಲ್ಲ. ಸುಮ್ಮನೆ ಹೋಗಿ ಒಲೆಗೆ ಕಟ್ಟಿಗೆ ಒಡೆದ.

ಬುಧವಾರ ಹೊತ್ತು ನೆತ್ತಿಗೆ ಬರುವ ಹೊತ್ತು. ಗುರಮ್ಮ ಸಂದಿಯಿಂದ ಬರಲಿಲ್ಲ, ಹಿಂದಿನ ದಾರಿ ಹಿಡಿಯಲಿಲ್ಲ. ಬಸ್ ನಿಲ್ದಾಣದ ಮುಂದೆ, ಚಹಾ ಹೋಟೆಲ್ಲಿನ ಮುಂದೆ, ತಲೆಯ ಮೇಲೆ ಸೆರಗು ಹೊದ್ದು, ಮಗನ ಜೊತೆ ನಡುಬೀದಿಯಲ್ಲಿ ನಡೆದು ಬಂದಳು. ಯಾರೋ, “ಎಲ್ಲಿಗಿ ಹೊಂಟ್ರಿ ಅವ್ವೋರೆ?” ಎಂದು ಬೇಕೆಂದೇ ಕೇಳಿದ್ದಕ್ಕೆ, “ಬೀಗರ ಊಟಕ್ಕ,” ಅಂದಳಂತೆ. ನಯೀಮ ಅವಳ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಚರಂಡಿಗೆ ಬೀಳುವುದೊಂದು ಬಾಕಿ, ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದ.

ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಮರೆಮ್ಮ ಅಂದು ವೇಷ ಹಾಕಿರಲಿಲ್ಲ. ಮಹಾನಂದಾ ಹಾಕಿಕೋ ಎಂದು ಹೇಳಿ ನೋಡಿದ್ದಳು. “ಇವತ್ತ ನಾ ನಾನೇ,” ಅಂದಿದ್ದಳು ಅವ್ವ. ಹಾಗೆಂದವಳು ಗುರಮ್ಮ ಹೊಸ್ತಿಲು ದಾಟಿದೊಡನೆ ಅಳುಕಿದಳು. “ಬರ್ರಿ ಅವ್ವೋರೆ, ಕೂಡ್ರಿ,” ಎಂದು ತಡವರಿಸುತ್ತ ಕೈ ಜೋಡಿಸಲು ಹೋದಳು.

“ಏ, ಆ ಮುದುಕಿ ಎಲ್ಲಿ ಹೋದ್ಳು?” ಗುರಮ್ಮ ಗದರಿದಳು. “ನನಗ ‘ನೀ’ ಅಂದಾಕಿ? ಆಕಿನ್ನೇ ಕರಿ. ನಾ ಬಂದದ್ದು ಆಕಿ ಮನಿಗಿ.”

ಮರೆಮ್ಮನ ಮುಖ ಅರಳಿತು. “ಕೂಡ್ ಬೇ ಹಂಗಾದ್ರ,” ಅಂದಳು. “ನಿಂತು ನಿಂತು ಉಡಿ ತುಂಬಾಕ ಬರಂಗಿಲ್ಲ.”

ಗುರಮ್ಮ ಕೂತು ಸೆರಗೊಡ್ಡಿದಳು. ಮರೆಮ್ಮ ಜೋಳ ಸುರಿದಳು, ಕೊಬ್ಬರಿ ಬಟ್ಟಲು ಇಟ್ಟಳು, ಮಗಳು ರಾತ್ರಿ ಅಂಚು ಹೊಲಿದಿಟ್ಟ ಜಂಪರಿನ ತುಂಡು ಇಟ್ಟಳು. ಇಬ್ಬರೂ ಒಂದೇ ಗಂಗಾಳಕ್ಕೆ ಕೂತರು. ಒಲೆಯ ಮುಂದೆ ಮಹಾನಂದಾ ರೊಟ್ಟಿ ಬಡಿದಳು; ಬಡಿದ ರೊಟ್ಟಿಯನ್ನು ಹಂಚಿನ ಮೇಲಿಂದ ನೇರವಾಗಿ ಗಂಗಾಳಕ್ಕೆ ಎಸೆದಳು.

“ಹೆದರಬ್ಯಾಡ, ಪುಂಡಿಪಲ್ಯಾನೇ ಮಾಡೇನಿ. ಶೇಂಗಾ ಹಿಂಡಿ ಅದ,” ಅಂದಳು ಮರೆಮ್ಮ.

“ನನಗೇನ್ ಹೆದರಿಕಿ? ಕೋಳಿ ಒಂದು ಒಗ್ಗಂಗಿಲ್ಲ ಹೊಟ್ಟಿಗಿ. ಅಯ್ಯ, ಇಷ್ಟ್ ಖಾರ ಹಾಕ್ತಾರೇನು ಬೇ ಹಿಂಡೀಗಿ? ನಾಲಿಗಿ ಸುಟ್ಟು ಹೋತು!” ಕಣ್ಣಲ್ಲಿ ನೀರು ತುಂಬಿಕೊಂಡೇ ಗುರಮ್ಮ ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. “ಕಲ್ಲಿನಾಥ ಅಡಗಿ ಬ್ಯಾರೆ ಮಾಡ್ಯಾನ. ಛಲೋ ಆತು. ಅಂವಗ ದಿನಾ ಸಪ್ಪನ್ನ ಬ್ಯಾಳಿ ಬೇಕು. ಇನ್ನ ನಾನೂ ನನ್ನ ಮಗ ಬೇಕಾದ್ದು ಮಾಡ್ಕೊಂಡು ತಿಂತೇವಿ.”

ಬಾಗಿಲಲ್ಲಿ ಗುರುಲಿಂಗ ಧಮ್ಮಪಾಲನ ಪಕ್ಕ ಉಣ್ಣುತ್ತ ಕೂತಿದ್ದ. ನಯೀಮ ಒಂದು ಗಳಿಗೆ ಕ್ಯಾಮೆರಾ ಇಳಿಸಿ, “ಅಕ್ಕಾ, ಉಣ್ಣೂದು ಬಾಳ ಉದ್ದ ಆಗಾಕತ್ತದ್ರಿ. ನೋಡೋರಿಗಿ ಬ್ಯಾಸರಾಗ್ತದ. ಎರಡು ತುತ್ತು ತೋರ್ಸಿ ಕಟ್ ಮಾಡ್ಲೇನು?” ಎಂದು ಕೇಳಿದ.

“ಒಂದು ತುತ್ತೂ ಕಟ್ ಮಾಡಬ್ಯಾಡ,” ಅಂದಳು ಮಹಾನಂದಾ. “ಬ್ಯಾಸರಾದ್ರ ಆಗ್ಲಿ. ಕೈ ತೊಳ್ಕೊಳ್ಳೂತನ ತಗಿ.”

ಗುರಮ್ಮ ಬೆರಳು ನೆಕ್ಕುತ್ತ ತಲೆಯೆತ್ತಿದಳು. “ಅದಿರ್ಲಿ, ಮುಂದ ಏನಾಗ್ತದ ಹೇಳವಾ ಮಹಾನಂದಾ. ಸಭಾ ಬೀಳ್ತದೋ ಇಲ್ಲೋ?”

“ಅದೆಲ್ಲ ಈಗೇ ಹೇಳಂಗಿಲ್ರಿ.”

“ಬೀಳಸು,” ಅಂದಳು ಗುರಮ್ಮ. “ಆದ್ರ ಪಡಸಾಲಿಗಿ ಏನೂ ಆಗಬಾರ್ದು ನೋಡು, ಅರ್ಧಾ ನಂದದ.”

ಮರೆಮ್ಮ ನಗುತ್ತ ಅವಳ ಮುಂದಿನ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿದಳು. ಮಹಾನಂದಾ ಮತ್ತೊಂದು ಉಂಡೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದಳು.